ಒಂದೇ ಮನೆಯ ಇಬ್ಬರು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ನನಗಿಂತ ಮೊದಲು ಮಾತನಾಡಿದ ಹಿರಿಯರು ನನ್ನನ್ನು ತೋರಿಸಿ, ‘ಕಷ್ಟ ಕಂಡವನೇ ಗಟ್ಟಿಯಾಗುತ್ತಾನೆ’ ಎಂದರು. ಪ್ರೀತಿಯಿಂದ ಹೇಳಿದ್ದಾರೆ. ಆದರೆ ಕ್ಷಮಿಸಬೇಕು, ನಾನು ಅದನ್ನು ಒಪ್ಪಲಾರೆ. ಅದೇ ಕಷ್ಟವನ್ನು ಅದೇ ಮನೆಯಲ್ಲಿ ಉಂಡವರು ಇಬ್ಬರು, ನಾನು ಮತ್ತು ನಮ್ಮಣ್ಣ.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದು ಇಲ್ಲಿರುವ ಅನೇಕರಿಗೆ ನೆನಪಿದೆ. ಕೆಲಸ ಹೋಯಿತು, ಕುಡಿತ ಬಂತು. ರಾತ್ರಿ ಅವರ ಚಪ್ಪಲಿ ಸದ್ದು ಕೇಳಿದರೆ ನಾನು ಉಣ್ಣುವ ತಟ್ಟೆ ಬಿಟ್ಟು ಅಜ್ಜಿಯ ಬೆನ್ನ ಹಿಂದೆ ಸೇರುತ್ತಿದ್ದೆ. ಅಣ್ಣ ದೊಡ್ಡವನು, ಅವನಿಗೆ ಅಡಗಲು ಜಾಗವಿರಲಿಲ್ಲ. ಏಟು ಅವನಿಗೇ. ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟು ಹೈವೇಯಲ್ಲಿ ಲಾರಿ ಕ್ಲೀನರ್ ಆದ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಶೇಂಗಾ ಮಾರಲು ಹೋದಾಗ ನನ್ನನ್ನು ಕರೆದೊಯ್ಯುತ್ತಿದ್ದಳು. ವ್ಯಾಪಾರಿ ದುಡ್ಡು ಎಣಿಸಿ ಕೊಟ್ಟರೆ ಕೈ ಚಾಚುತ್ತಿರಲಿಲ್ಲ. ‘ತಡೀರಿ ಸಾವ್ಕಾರ್ರೇ, ನನ್ನ ಮೊಮ್ಮಗ ಲೆಕ್ಕ ಹೇಳಲಿ’ ಎನ್ನುತ್ತಿದ್ದಳು. ಹತ್ತು ವರ್ಷದ ಹುಡುಗ ನಾನು ಬೆರಳು ಮಡಚಿ ಎಣಿಸುತ್ತಿದ್ದೆ, ದೊಡ್ಡವರೆಲ್ಲ ಕಾಯುತ್ತ ನಿಂತಿರುತ್ತಿದ್ದರು. ಒಂದು ಸಲ ನನ್ನ ಲೆಕ್ಕವೇ ತಪ್ಪಿತ್ತು. ಅವಳು ನಗಲಿಲ್ಲ, ‘ಇನ್ನೊಂದು ಸಲ ನೋಡಪ್ಪ’ ಎಂದಳು. ಇವತ್ತು ನಿಮ್ಮೆದುರು ನಿಂತು ಮಾತನಾಡುವ ಧೈರ್ಯ ಆ ತಕ್ಕಡಿಯ ಹತ್ತಿರ ಹುಟ್ಟಿದ್ದು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಸಂಗಡಿಗರೊಂದಿಗೆ ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಆತ್ಮವಿಶ್ವಾಸದ ಯುವಕ ಯುವತಿಯರಾದರು. ಅವರಲ್ಲಿ ಹೆಚ್ಚಿನವರಿಗೆ ಅಜ್ಜಿಯೋ, ಅಕ್ಕನೋ, ಮೇಷ್ಟರೋ, ನೆಚ್ಚಿಕೊಳ್ಳಲು ಒಬ್ಬರಾದರೂ ಇದ್ದರು. ನಾವು ಕಥೆ ಹೇಳುವುದು ಆ ಒಂದು ಪಾಲಿನದು. ಉಳಿದ ಎರಡು ಪಾಲಿನವರಲ್ಲಿ ಹೆಚ್ಚಿನವರು ಹದಿನೆಂಟು ತುಂಬುವುದರೊಳಗೆ ಓದಿನಲ್ಲೋ ನಡತೆಯಲ್ಲೋ ಮನಸ್ಸಿನಲ್ಲೋ ತೊಂದರೆಗೆ ಸಿಕ್ಕಿದ್ದರು. ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುವುದಾದರೆ ಅವರೂ ಗಟ್ಟಿಯಾಗಬೇಕಿತ್ತಲ್ಲ?

ಅಣ್ಣ ಸೋತವನಲ್ಲ. ಸ್ವಂತ ಲಾರಿ ಮಾಡಿದ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ. ನನ್ನ ಕಾಲೇಜು ಫೀಸು ಕಟ್ಟಿದ್ದೂ ಅವನೇ. ಆದರೂ ಬ್ಯಾಂಕಿಗೆ ಹೋದರೆ ಪೆನ್ನನ್ನು ನನ್ನ ಕೈಗೆ ಕೊಡುತ್ತಾನೆ. ಮನೆಯ ಮಾತುಕತೆಯಲ್ಲಿ, ‘ನಂಗೇನು ತಿಳಿಯುತ್ತೆ, ನೀನೇ ಹೇಳು’ ಎನ್ನುತ್ತಾನೆ. ವರ್ಷಾನುಗಟ್ಟಲೆ ಅದನ್ನು ಅವನ ವಿನಯವೆಂದುಕೊಂಡಿದ್ದೆ. ಅಜ್ಜಿ ಲೆಕ್ಕ ಕೇಳಿದ್ದು ನನ್ನನ್ನು. ಅವನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ಹೆಸರು ಬರೆದುಕೊಳ್ಳುವ ಮೇಜಿನ ಹತ್ತಿರ ಅವನನ್ನು ಕರೆದೊಯ್ದೆ. ‘ನಾನು ಪಾಸಾದವನಲ್ಲ, ನನ್ನ ಹೆಸರು ಯಾಕೆ?’ ಎಂದು ಹಿಂದೆ ಸರಿದ. ಸಮಿತಿಯವರಲ್ಲಿ ಒಂದು ವಿನಂತಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರಿದೆ, ನಿನ್ನೆ ನೋಡಿದ್ದೇನೆ. ಅರ್ಧಕ್ಕೆ ಬಿಟ್ಟುಹೋದ ಬೇರೆಯವರ ಹೆಸರುಗಳೂ ಇವೆ. ಸಂಚಿಕೆಯ ಪಟ್ಟಿಯಲ್ಲಿ ಅವನ್ನೂ ಅಚ್ಚು ಹಾಕಿಸಿ.

ಅಣ್ಣ ಅಲ್ಲಿ, ಕೊನೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದಾನೆ. ಊಟಕ್ಕೆ ಮೊದಲು ನಾವಿಬ್ಬರೂ ಇನ್ನೊಂದು ಸಲ ಆ ಮೇಜಿನ ಹತ್ತಿರ ಹೋಗುತ್ತೇವೆ. ಈ ಸಲ ಪೆನ್ನು ಅವನ ಕೈಯಲ್ಲೇ ಇರಲಿ.