‘ಕೋರ್ಸ್’ ಎಂಬ ಒರಟು ಪದದ ಕಥೆ

ಇಂಗ್ಲಿಷಿನಲ್ಲಿ ‘ಕೋರ್ಸ್’ ಎಂದು ಉಚ್ಚರಿಸುವ ಪದಗಳು ಎರಡಿವೆ. ‘ಓ’ ಅಕ್ಷರದ ನಂತರ ‘ಯು’ ಬಂದರೆ ಅದು ಹಾದಿ, ಕ್ರಮ, ವ್ಯಾಸಂಗ. ‘ಎ’ ಬಂದರೆ ಅದು ಗುಣವಾಚಕ, ಅರ್ಥ, ಒರಟು. ಒಂದರ ಬದಲು ಇನ್ನೊಂದನ್ನು ಬರೆದ ವಿದ್ಯಾರ್ಥಿ ಇಂದು ಅಂಕ ಕಳೆದುಕೊಳ್ಳುತ್ತಾನೆ. ಆದರೆ ಒಂದು ಕಾಲದಲ್ಲಿ ಇಂಗ್ಲಿಷರೇ ಇವೆರಡನ್ನೂ ಒಂದೇ ಬಗೆಯಲ್ಲಿ ಬರೆಯುತ್ತಿದ್ದರು. ಅದಕ್ಕೆ ಕಾರಣವೂ ಇದೆ.

ಮೊದಲಿಗೆ ಪದದ ಬಳಕೆಯನ್ನು ನೋಡೋಣ. ‘ರಫ್’ ಎಂದರೂ ಒರಟು, ‘ಕೋರ್ಸ್’ ಎಂದರೂ ಒರಟು ಎಂದು ಕನ್ನಡದಲ್ಲಿ ಹೇಳಿಬಿಡುವುದುಂಟು. ಆದರೆ ಇವೆರಡರ ನಡುವೆ ವ್ಯತ್ಯಾಸವಿದೆ. ‘ರಫ್’ ಮೇಲ್ಮೈಗೆ ಸಂಬಂಧಿಸಿದ್ದು. ಕೈಯಾಡಿಸಿದರೆ ದೊರಗು ದೊರಗಾಗಿ ತಗಲುವಂಥದು. ಅದರ ವಿರುದ್ಧ ಪದ ‘ಸ್ಮೂತ್’, ಅಂದರೆ ನಯ. ‘ಕೋರ್ಸ್’ ಹೇಳುವುದು ಮುಖ್ಯವಾಗಿ ವಸ್ತುವಿನ ಕಣ ಅಥವಾ ಎಳೆಯ ದಪ್ಪವನ್ನು. ಅದರ ವಿರುದ್ಧ ಪದ ‘ಫೈನ್’, ಅಂದರೆ ಸಣ್ಣದು, ನವುರಾದದ್ದು. ಹೊಂಡ ಬಿದ್ದ ರಸ್ತೆಯನ್ನು ‘ರಫ್’ ಎನ್ನುತ್ತಾರೆ, ‘ಕೋರ್ಸ್’ ಎನ್ನುವುದಿಲ್ಲ. ಹರಳುಪ್ಪು ‘ಕೋರ್ಸ್’, ಪುಡಿಯುಪ್ಪು ‘ಫೈನ್’.

ಈ ಭೇದ ಕನ್ನಡದ ಅಡುಗೆಮನೆಗೆ ಹೊಸದಲ್ಲ. ಚಟ್ನಿಯನ್ನು ತರಿತರಿಯಾಗಿ ರುಬ್ಬಬೇಕೋ ನುಣ್ಣಗೆ ರುಬ್ಬಬೇಕೋ ಎಂದು ಕೇಳುವವರು ಇದೇ ಭೇದವನ್ನು ಹೇಳುತ್ತಿರುತ್ತಾರೆ. ಕಟ್ಟಡದ ಕೆಲಸದಲ್ಲೂ ಅಷ್ಟೆ. ಎಂಜಿನಿಯರುಗಳ ಭಾಷೆಯಲ್ಲಿ ಜಲ್ಲಿ ‘ಕೋರ್ಸ್ ಅಗ್ರಿಗೇಟ್’, ಮರಳು ‘ಫೈನ್ ಅಗ್ರಿಗೇಟ್’. ಭಾರತೀಯ ಮಾನಕದ ಪ್ರಕಾರ 4.75 ಮಿ.ಮೀ. ಕಣ್ಣಿನ ಜರಡಿಯೇ ಇವೆರಡರ ನಡುವಿನ ಗಡಿ. ಇಲ್ಲಿ ಮೇಲು ಕೀಳೆಂಬ ಪ್ರಶ್ನೆ ಏಳುವುದಿಲ್ಲ. ಕಾಂಕ್ರೀಟಿಗೆ ಎರಡೂ ಬೇಕು.

ಮೇಲು ಕೀಳು ಸೇರಿಕೊಂಡದ್ದು ಪದದ ಚರಿತ್ರೆಯಲ್ಲಿ. ಸುಮಾರು 15ನೆಯ ಶತಮಾನದಲ್ಲಿ ಈ ಗುಣವಾಚಕ ಕಾಣಿಸಿಕೊಂಡಾಗ ಅದರ ಅರ್ಥ ‘ಸಾಧಾರಣ’ ಎಂದಷ್ಟೇ ಇತ್ತು. ಹಾದಿ, ವಾಡಿಕೆ ಎಂಬರ್ಥದ ‘ಕೋರ್ಸ್’ನಿಂದಲೇ ಇದು ಹುಟ್ಟಿರಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ವಾಡಿಕೆಯಲ್ಲಿರುವುದು, ದಿನಬಳಕೆಯದು ‘ಕೋರ್ಸ್’. ಜನಸಾಮಾನ್ಯರು ದಿನನಿತ್ಯ ಉಡುವ ಬಟ್ಟೆಗೆ ಈ ಮಾತು ಅಂಟಿಕೊಂಡಿತು. ಆ ಬಟ್ಟೆ ದಪ್ಪ ನೂಲಿನದಾದ್ದರಿಂದ ಪದಕ್ಕೂ ದಪ್ಪ, ಒರಟು ಎಂಬ ಅರ್ಥ ಬಂತು. ‘ಎ’ ಅಕ್ಷರದ ಬರವಣಿಗೆ ಬಳಕೆಗೆ ಬಂದದ್ದು 16ನೆಯ ಶತಮಾನದ ಕೊನೆಯ ಸುಮಾರಿಗೆ. ಅಷ್ಟರಲ್ಲಾಗಲೇ ಪದ ಬಟ್ಟೆಯಿಂದ ಬಟ್ಟೆ ತೊಟ್ಟವರ ಮೇಲೆ ಹರಿದಿತ್ತು. ಅಸಭ್ಯ ನಡತೆ ‘ಕೋರ್ಸ್’ ಆಯಿತು. ಮುಂದೆ ಅಶ್ಲೀಲ ಮಾತೂ ‘ಕೋರ್ಸ್’ ಎನಿಸಿತು.

ಈ ಗತಿ ಇದೊಂದೇ ಪದಕ್ಕೆ ಬಂದದ್ದಲ್ಲ. ಲ್ಯಾಟಿನ್ನಿನಲ್ಲಿ ‘ವಲ್ಗಸ್’ ಎಂದರೆ ಜನಸಾಮಾನ್ಯರು. ಅದರಿಂದ ಬಂದ ‘ವಲ್ಗರ್’ ಇಂದು ಬೈಗುಳ. ಸಿನಿಮಾದ ‘ವಿಲನ್’ ಮೂಲತಃ ಜಮೀನುದಾರನ ಹೊಲದಲ್ಲಿ ದುಡಿಯುತ್ತಿದ್ದ ಬಡ ಒಕ್ಕಲಿನವನು. ನಮ್ಮಲ್ಲೂ ನಡೆದದ್ದು ಇದೇ. ‘ಗ್ರಾಮ್ಯ’ ಎಂದರೆ ಗ್ರಾಮಕ್ಕೆ ಸೇರಿದ್ದು. ಅಲಂಕಾರಶಾಸ್ತ್ರದಲ್ಲಿ ಅದೊಂದು ಕಾವ್ಯದೋಷ. ಪದಗಳ ಬೆಲೆ ಕಟ್ಟುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಇವು ಹೇಳುತ್ತವೆ.

ಈ ಪದ ಕರ್ನಾಟಕದ ಊಟದ ತಟ್ಟೆಗೂ ಬಂದಿತ್ತು. ರಾಗಿ, ಜೋಳ, ಸಜ್ಜೆ, ನವಣೆಗಳನ್ನು ಸರ್ಕಾರಿ ಕಡತಗಳು ಬಹುಕಾಲ ‘ಕೋರ್ಸ್ ಸಿರಿಯಲ್ಸ್’ ಎಂದು ಕರೆದವು. ಕನ್ನಡದಲ್ಲಿ ಅದು ‘ಒರಟು ಧಾನ್ಯ’ವಾಯಿತು. ಕಣದ ಗಾತ್ರವನ್ನೇ ನೋಡುವುದಾದರೆ ರಾಗಿ ಕಾಳು ಅಕ್ಕಿಗಿಂತ ಸಣ್ಣದು. ಆದರೂ ಅಕ್ಕಿ ‘ಫೈನ್’ ಆಗಬಹುದಿತ್ತು, ರಾಗಿ ಮಾತ್ರ ‘ಕೋರ್ಸ್’. ಇಲ್ಲಿ ಅಳೆದದ್ದು ಕಾಳನ್ನಲ್ಲ. ಅದನ್ನು ಬೆಳೆದು ಮುದ್ದೆ, ರೊಟ್ಟಿ ಮಾಡಿ ಉಂಡವರ ಸ್ಥಾನಮಾನವನ್ನು. ಆ ಹಣೆಪಟ್ಟಿ ಹೊತ್ತ ಅನ್ನವನ್ನು ನೆಂಟರೆದುರು ಬಡಿಸಲು ಹಿಂಜರಿದ ಮನೆಗಳು ಕಡಿಮೆಯೇನಲ್ಲ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಇವುಗಳಿಗೆ ‘ನ್ಯೂಟ್ರಿ ಸಿರಿಯಲ್ಸ್’, ಅಂದರೆ ಪೌಷ್ಟಿಕ ಧಾನ್ಯಗಳು, ಎಂಬ ಹೆಸರು ಕೊಟ್ಟಿತು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಕಾಳು ಬದಲಾಗಲಿಲ್ಲ, ಅದರ ಸತ್ವವೂ ಬದಲಾಗಲಿಲ್ಲ, ಬದಲಾದದ್ದು ಗುಣವಾಚಕ. ಹಿಂದೆ ಬಡವರ ಊಟವೆನಿಸಿದ್ದು ಈಗ ಅಂದದ ಪೊಟ್ಟಣಗಳಲ್ಲಿ ಪೇಟೆಯ ಅಂಗಡಿಗಳಿಗೆ ಬಂದಿದೆ.

ಉಪ್ಪು, ಮರಳು, ನೂಲುಗಳ ವಿಚಾರದಲ್ಲಿ ‘ಕೋರ್ಸ್’ ನಿರಪಾಯದ ಪದ, ಅಳತೆಯನ್ನಷ್ಟೇ ಹೇಳುತ್ತದೆ. ಅದೇ ಪದವನ್ನು ಜನರಿಗೋ ಅವರ ಅನ್ನಕ್ಕೋ ಹಚ್ಚುವಾಗ ಮಾತ್ರ ಒಂದು ಕ್ಷಣ ತಡೆಯುವುದು ಒಳ್ಳೆಯದು. ಹುಟ್ಟಿದಾಗ ಅದಕ್ಕಿದ್ದ ಅರ್ಥ ‘ಸಾಧಾರಣ’. ಸಾಧಾರಣವಾಗಿರುವುದು ತಪ್ಪೆಂದು ಆ ಪದ ಆಗ ಹೇಳಿರಲಿಲ್ಲ.