ನಾಟಕಕ್ಕೆ ಹೆದರಿದ ಸರಕಾರ



ನಮ್ಮೂರಿನಲ್ಲಿ ಸುಗ್ಗಿ ಮುಗಿದ ಮೇಲೆ ಹುಡುಗರು ಸೇರಿ ನಾಟಕ ಆಡುತ್ತಿದ್ದರು. ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡುವುದಕ್ಕೆ ಮೊದಲೇ ಮುಗಿಸಬೇಕಾಗಿದ್ದ ಕೆಲಸ ಒಂದಿತ್ತು. ನಾಟಕದ ಪುಸ್ತಕವನ್ನೂ ಒಂದು ಅರ್ಜಿಯನ್ನೂ ಹಿಡಿದುಕೊಂಡು ಠಾಣೆಗೆ ಹೋಗುವುದು. ಆಡುತ್ತಿದ್ದುದು ರಾಜದ್ರೋಹದ ನಾಟಕವೇನೂ ಅಲ್ಲ, ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’. ಫೌಜದಾರರು ಎರಡು ಹಾಳೆ ತಿರುವಿ, ‘ಗದ್ದಲ ಆಗಬಾರದು ನೋಡ್ರೆಪಾ’ ಎಂದು ರುಜು ಹಾಕಿ ಕೊಡುತ್ತಿದ್ದರು. ಅಶ್ವತ್ಥಾಮ ರಾತ್ರಿಯ ಹೊತ್ತು ಪಾಂಡವರ ಪಾಳೆಯಕ್ಕೆ ನುಗ್ಗಬೇಕಾದರೆ ಫೌಜದಾರರ ಅಪ್ಪಣೆ ಏಕೆ ಬೇಕು? ಈ ಪ್ರಶ್ನೆ ಚಿಕ್ಕಂದಿನಲ್ಲಿ ನನಗೆ ತಮಾಷೆಯಾಗಿ ಕಂಡಿತ್ತು. ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಅದೂ ದೂರದ ಕಲ್ಕತ್ತೆಯಲ್ಲಿ. ಕಿರುತೆರೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸಿದ ಆ ಕಥೆಯನ್ನು ಇಲ್ಲಿ ತಮಗಾಗಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

1859–60ರಲ್ಲಿ ಬಂಗಾಳದ ರೈತರು ನೀಲಿ ಬೆಳೆಯುವುದಿಲ್ಲವೆಂದು ಪಟ್ಟು ಹಿಡಿದರು. ಮುಂಗಡದ ಹಣವನ್ನು ಒತ್ತಾಯದಿಂದ ಕೈಯಲ್ಲಿ ತುರುಕಿ, ಭತ್ತ ಬೆಳೆಯುವ ಹೊಲದಲ್ಲಿ ನೀಲಿ ಬಿತ್ತಿಸಿ, ಒಲ್ಲೆನೆಂದವರನ್ನು ಕೋಠಿಗೆ ಎಳೆದು ಹೊಡೆಯುತ್ತಿದ್ದ ಬಿಳಿಯ ತೋಟಗಾರರ ವಿರುದ್ಧ ಎದ್ದ ದಂಗೆ ಅದು. ಅಂಚೆ ಇಲಾಖೆಯ ನೌಕರಿಯಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದ ದೀನಬಂಧು ಮಿತ್ರ ಇದನ್ನೆಲ್ಲ ಕಣ್ಣಾರೆ ಕಂಡು ‘ನೀಲದರ್ಪಣ’ ಎಂಬ ನಾಟಕ ಬರೆದರು. 1860ರಲ್ಲಿ ಅದು ಢಾಕಾದಲ್ಲಿ ಅಚ್ಚಾಯಿತು. ಸರಕಾರಿ ನೌಕರರಾದ್ದರಿಂದ ಪುಸ್ತಕದ ಮೇಲೆ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬಂಗಾಳಿ ಪುಸ್ತಕದ ತಂಟೆಗೆ ಯಾರೂ ಬರಲಿಲ್ಲ. ಅದು ಇಂಗ್ಲಿಷಿಗೆ ಬಂದಾಗ ಮಾತ್ರ ಬೆಂಕಿ ಹತ್ತಿತು. ಜೇಮ್ಸ್ ಲಾಂಗ್ ಎಂಬ ಪಾದ್ರಿ 1861ರಲ್ಲಿ ಅನುವಾದವನ್ನು ಅಚ್ಚುಹಾಕಿಸಿದಾಗ ತೋಟಗಾರರು ಮಾನನಷ್ಟದ ಮೊಕದ್ದಮೆ ಹೂಡಿದರು. ಲಾಂಗ್ ಸಾಹೇಬರಿಗೆ ಒಂದು ತಿಂಗಳು ಸೆರೆ, ಸಾವಿರ ರೂಪಾಯಿ ದಂಡ. ದಂಡದ ಹಣವನ್ನು ಕಟ್ಟಿದವರು ಕಾಲಿಪ್ರಸನ್ನ ಸಿಂಹರೆಂಬ ಬಂಗಾಳಿ ಸಾಹಿತಿ. ಆಳಿಸಿಕೊಳ್ಳುವವರು ತಮ್ಮ ಭಾಷೆಯಲ್ಲಿ ತಮ್ಮ ಪಾಡಿಗೆ ಓದಿಕೊಂಡರೆ ಚಿಂತೆಯಿಲ್ಲ, ವಿಲಾಯಿತಿಯ ದೊಡ್ಡವರ ಕಿವಿಗೆ ಬೀಳಬಾರದು, ಇಷ್ಟೇ ಆಗಿನ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಹನ್ನೊಂದು ವರ್ಷಗಳ ನಂತರ. ಅಲ್ಲಿಯವರೆಗೆ ಕಲ್ಕತ್ತೆಯಲ್ಲಿ ಹೊಸ ಬಗೆಯ ನಾಟಕ ಎಂದರೆ ಶ್ರೀಮಂತರ ದೊಡ್ಡ ಮನೆಗಳ ವಿನೋದ. ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. ಬಾಗಬಜಾರಿನ ಕೆಲವು ತರುಣರಿಗೆ ಇದು ಸರಿಬರಲಿಲ್ಲ. 1872ರ ಡಿಸೆಂಬರ್ 7ರಂದು ಅವರು ಚಿತ್ಪುರ ರಸ್ತೆಯ ಒಂದು ಮನೆಯ ಅಂಗಳದಲ್ಲಿ ‘ನ್ಯಾಷನಲ್ ಥಿಯೇಟರ್’ ಎಂದು ಹೆಸರಿಟ್ಟುಕೊಂಡು, ಟಿಕೇಟು ಮಾರಿ, ‘ನೀಲದರ್ಪಣ’ವನ್ನೇ ಆಡಿದರು. ಟಿಕೇಟಿನ ದರ ಒಂದು ರೂಪಾಯಿ ಮತ್ತು ಎಂಟಾಣೆ. ಈ ಎಂಟಾಣೆ ಸಣ್ಣ ಮಾತಲ್ಲ. ಜಮೀನುದಾರರ ಕೃಪೆಯಿಂದ ನಾಟಕವನ್ನು ಬಿಡಿಸಿ ತಂದದ್ದು ಅದೇ. ಅಂದು ಅಂಗಳದಲ್ಲಿ ಕುಳಿತವರಲ್ಲಿ ಯಾರೂ ಯಾರ ಅತಿಥಿಯೂ ಆಗಿರಲಿಲ್ಲ. ಗುಮಾಸ್ತ, ಅಂಗಡಿಯವ, ವಿದ್ಯಾರ್ಥಿ ಎಲ್ಲರೂ ಕಾಸು ಕೊಟ್ಟು ಬಂದವರು. ಬೇಕೆನಿಸಿದಾಗ ಅಳುವ, ಬೇಕೆನಿಸಿದಾಗ ನಗುವ ಹಕ್ಕನ್ನು ಕೊಂಡುಕೊಂಡವರು.

ಮುಂದಿನ ಮೂರು ನಾಲ್ಕು ವರ್ಷ ಕಲ್ಕತ್ತೆಯ ರಂಗಭೂಮಿಗೆ ವಸಂತಕಾಲ. ಬೆಂಗಾಲ್ ಥಿಯೇಟರ್ ಎಂಬ ಇನ್ನೊಂದು ಸಂಸ್ಥೆ 1873ರಲ್ಲಿ ಹೆಣ್ಣುಪಾತ್ರಗಳಿಗೆ ಹೆಂಗಸರನ್ನೇ ತರಲು ನಿಶ್ಚಯಿಸಿತು. ಅವರು ಬಂದದ್ದು ವೇಶ್ಯೆಯರ ಓಣಿಗಳಿಂದ, ಏಕೆಂದರೆ ಬೇರೆ ಮನೆಗಳ ಬಾಗಿಲು ತೆರೆದಿರಲಿಲ್ಲ. ಈ ನಿರ್ಧಾರವನ್ನು ಒಪ್ಪದೆ ಸಮಿತಿಯಿಂದ ಹೊರನಡೆದವರು ಯಾರು ಗೊತ್ತೇ? ಈಶ್ವರಚಂದ್ರ ವಿದ್ಯಾಸಾಗರರು. ವಿಧವೆಯರ ಮರುಮದುವೆಗಾಗಿ ಇಡೀ ಸಮಾಜದ ಬೈಗಳನ್ನು ತಿಂದ ಮಹಾನುಭಾವರು ಅವರು. ಅವರನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಒಂದು ಅಂಗಳದಲ್ಲಿ ಹೂವು ಅರಳಿದಾಗ ಅದರ ವಾಸನೆ ಎಂಥ ದೊಡ್ಡವರಿಗೂ ಹಿಡಿಸದೆ ಹೋಗಬಹುದೆಂಬುದನ್ನು ನೆನಪಿಡಿ. ಮುಂದೆ ಇದಕ್ಕೆ ಬೆಲೆ ತೆರಬೇಕಾಯಿತು.

1875ರಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ಉತ್ತರಕ್ಕೆ ತಿರುಗಾಟ ಹೊರಟು ಲಖನೌದಲ್ಲಿ ‘ನೀಲದರ್ಪಣ’ ಆಡಿದರು. ಆಗ ಹನ್ನೆರಡು ಹದಿಮೂರರ ಹುಡುಗಿಯಾಗಿದ್ದ ನಟಿ ವಿನೋದಿನಿ ಮುಂದೆ ತನ್ನ ಆತ್ಮಕಥೆಯಲ್ಲಿ ಆ ರಾತ್ರಿಯನ್ನು ಬರೆದಿದ್ದಾಳೆ. ರೈತ ತೋರಾಪ್ ರಂಗದ ಮೇಲೆ ಬಿಳಿಯ ತೋಟಗಾರನನ್ನು ಕೆಡವಿ ಹೊಡೆಯುವ ದೃಶ್ಯ ಬಂದಾಗ ಸಭೆಯಲ್ಲಿದ್ದ ಗೋರಾ ಸಿಪಾಯಿಗಳು ಕತ್ತಿ ಹಿರಿದು ರಂಗಕ್ಕೇ ನುಗ್ಗಿದರಂತೆ. ತಂಡದವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಹದಿನೈದು ವರ್ಷ ಪುಸ್ತಕವಾಗಿ ಎಲ್ಲೆಡೆ ಸಿಗುತ್ತಿದ್ದ ಅದೇ ಮಾತು, ಅದೇ ಹೊಡೆತ. ಕಪಾಟಿನಲ್ಲಿದ್ದಾಗ ಯಾರೂ ಕತ್ತಿಗೆ ಕೈಹಾಕಲಿಲ್ಲ.

ಅದೇ ಕಾಲಕ್ಕೆ ಬಂದ ‘ಚಾಕರ ದರ್ಪಣ’ ಚಹಾ ತೋಟಗಳ ಕೂಲಿಗಳ ಗೋಳನ್ನು ಹೇಳಿತು. ಬಡೋದೆಯ ಮಲ್ಹಾರರಾವ್ ಗಾಯಕವಾಡರನ್ನು ಇಂಗ್ಲಿಷರು ಗಾದಿಯಿಂದಿಳಿಸಿದ್ದೂ ನಾಟಕವಾಯಿತು. ಆದರೆ ಸರಕಾರದ ಸಹನೆ ಕೆಟ್ಟದ್ದು ಇಂಥ ಗಂಭೀರ ಕೃತಿಗಳಿಂದಲ್ಲ, ಒಂದು ಸಣ್ಣ ಪ್ರಹಸನದಿಂದ. 1876ರ ಜನವರಿಯಲ್ಲಿ ಕಲ್ಕತ್ತೆಗೆ ಬಂದಿದ್ದ ಯುವರಾಜ ಎಡ್ವರ್ಡನನ್ನು ಜಗದಾನಂದ ಮುಖೋಪಾಧ್ಯಾಯರೆಂಬ ವಕೀಲರು ತಮ್ಮ ಮನೆಗೆ ಕರೆದು, ಅಂತಃಪುರದ ಹೆಂಗಸರಿಂದ ಶಂಖ ಊದಿಸಿ ಸ್ವಾಗತ ಮಾಡಿಸಿದರು. ಊರೆಲ್ಲ ಇದೇ ಸುದ್ದಿ. ಫೆಬ್ರವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ‘ಗಜದಾನಂದ ಮತ್ತು ಯುವರಾಜ’ ಆಡಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು.

ನಿಜ ಹೇಳಬೇಕೆಂದರೆ ಈ ಪ್ರಹಸನ ಅಂಥ ಉದಾತ್ತ ಕೃತಿಯೇನೂ ಅಲ್ಲ. ರಾಜಭಕ್ತಿಯ ಗೇಲಿಯ ಜತೆಗೆ, ಮನೆಯ ಹೆಂಗಸರನ್ನು ಪರಪುರುಷನಿಗೆ ತೋರಿಸಿದನೆಂಬ ಕುಹಕವೂ ಅದರಲ್ಲಿತ್ತು. ಅರಳುವ ಕಾಲದಲ್ಲಿ ಕಳೆಯೂ ಹೂ ಬಿಡುತ್ತದೆ. ಪೊಲೀಸರು ಅದನ್ನು ತಡೆದರು. ತಂಡದವರು ಹೆಸರು ಬದಲಿಸಿ ‘ಹನುಮಾನ್ ಚರಿತ್ರ’ ಎಂದು ಅದನ್ನೇ ಆಡಿದರು. ಅದನ್ನೂ ತಡೆದಾಗ ಪೊಲೀಸರ ಮೇಲೆಯೇ ಒಂದು ಪ್ರಹಸನ ತಂದರು. ಆಗಿನ ಪೊಲೀಸ್ ಕಮಿಷನರ್ ಹಾಗ್ ಸಾಹೇಬರು, ಅವರ ಕೈಕೆಳಗಿನ ಅಧಿಕಾರಿ ಲ್ಯಾಂಬ್ ಸಾಹೇಬರು. ಪ್ರಹಸನದ ಹೆಸರು ‘ಹಂದಿ ಮತ್ತು ಕುರಿಯ ಪೊಲೀಸು’. ಇಂಗ್ಲಿಷ್ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಫೆಬ್ರವರಿ 29ರಂದು ವೈಸ್‌ರಾಯ್ ಲಾರ್ಡ್ ನಾರ್ಥ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದರು. ಮಾರ್ಚ್ 4ರ ರಾತ್ರಿ ನಾಟಕ ನಡೆಯುತ್ತಿದ್ದಾಗಲೇ ಪೊಲೀಸರು ರಂಗಮಂದಿರಕ್ಕೆ ಬಂದು ನಿರ್ದೇಶಕ ಉಪೇಂದ್ರನಾಥ ದಾಸ್, ವ್ಯವಸ್ಥಾಪಕ ಅಮೃತಲಾಲ ಬಸು ಮತ್ತಿತರರನ್ನು ಹಿಡಿದೊಯ್ದರು. ಆಪಾದನೆ ಏನು? ಯುವರಾಜನ ಗೇಲಿಯಲ್ಲ, ಪೊಲೀಸರ ಗೇಲಿಯೂ ಅಲ್ಲ. ಹಿಂದೆ ಆಡಿದ್ದ ‘ಸುರೇಂದ್ರ-ವಿನೋದಿನಿ’ ಎಂಬ ಇನ್ನೊಂದು ನಾಟಕ ಅಶ್ಲೀಲವೆಂಬುದು! ಅದರಲ್ಲಿ ಒಬ್ಬ ಇಂಗ್ಲಿಷ್ ಮ್ಯಾಜಿಸ್ಟ್ರೇಟ್ ನಮ್ಮ ಹೆಣ್ಣೊಬ್ಬಳ ಮಾನಕ್ಕೆ ಕೈಹಾಕುತ್ತಾನೆ. ಕೈಹಾಕಿದ್ದು ಅಶ್ಲೀಲವಲ್ಲ, ತೋರಿಸಿದ್ದು ಅಶ್ಲೀಲ. ಇಬ್ಬರಿಗೂ ಒಂದು ತಿಂಗಳ ಸಜೆಯಾಯಿತು. ಅದೇ ಮಾರ್ಚಿನಲ್ಲಿ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು.

ಅಶ್ಲೀಲ ಎಂಬ ಪದವನ್ನು ಸರಕಾರ ಸುಮ್ಮನೆ ಆರಿಸಿಕೊಂಡದ್ದಲ್ಲ. ರಾಜದ್ರೋಹ ಎಂದಿದ್ದರೆ ಊರಿನ ವಿದ್ಯಾವಂತರು ಒಟ್ಟಾಗುತ್ತಿದ್ದರೋ ಏನೋ. ಅಶ್ಲೀಲ ಎಂದಾಗ ಸಭ್ಯರಲ್ಲಿ ಹಲವರಿಗೆ ತಮ್ಮ ಮನಸ್ಸಿನ ಮಾತನ್ನೇ ಸರಕಾರ ಆಡಿದಂತಾಯಿತು. ಬ್ರಾಹ್ಮ ಸಮಾಜದ ಅನೇಕರು ನಟಿಯರ ಕಾರಣಕ್ಕಾಗಿ ರಂಗಮಂದಿರದ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಅಧಿಕಾರ ತನ್ನ ಭಯಕ್ಕೆ ನಮ್ಮ ಮಡಿವಂತಿಕೆಯ ಶಾಲು ಹೊದಿಸುತ್ತದೆ. ನಾವು ಶಾಲನ್ನು ಗುರುತಿಸಿ ಕೈಮುಗಿಯುತ್ತೇವೆ.

ಆ ವರ್ಷದ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಯೇ ನಾಟಕ ಪ್ರದರ್ಶನ ಕಾಯಿದೆಯಾಯಿತು. 1876ರ 19ನೆಯ ಕಾಯಿದೆ. ಮಾನಹಾನಿಕರ, ಸರಕಾರದ ಮೇಲೆ ಅಪ್ರೀತಿ ಹುಟ್ಟಿಸುವ, ನೋಡುವವರ ನಡತೆ ಕೆಡಿಸುವ ಯಾವ ನಾಟಕವನ್ನಾದರೂ ನಿಷೇಧಿಸಬಹುದು. ನಿಷೇಧವಾದ ಮೇಲೂ ಆಡಿದವರಿಗೆ ಮೂರು ತಿಂಗಳವರೆಗೆ ಸಜೆ. ಆಡಲು ಜಾಗ ಕೊಟ್ಟವರಿಗೂ ಅಷ್ಟೇ. ಇಷ್ಟಾದರೆ ಆಶ್ಚರ್ಯವಿಲ್ಲ. ನಿಷೇಧ ಗೊತ್ತಿದ್ದೂ ಕುಳಿತು ನೋಡಿದ ಪ್ರೇಕ್ಷಕನಿಗೂ ಅದೇ ಶಿಕ್ಷೆ! ಪುಸ್ತಕ ಓದಿದ್ದಕ್ಕೆ ಓದುಗನನ್ನು ಹಿಡಿದ ಕಾನೂನು ಅಪರೂಪ. ಸರಕಾರದ ಕಣ್ಣು ನಿಜವಾಗಿ ಯಾರ ಮೇಲಿತ್ತೆಂಬುದು ಈ ಒಂದು ಕಲಮಿನಿಂದ ತಿಳಿಯುತ್ತದೆ. ಒಬ್ಬನೇ ಕುಳಿತು ಓದುವವನಿಗೆ ಬಂದ ಸಿಟ್ಟು ಅವನೊಬ್ಬನದೇ. ಐನೂರು ಜನರ ನಡುವೆ ಕುಳಿತು ನಕ್ಕವನಿಗೆ, ಪಕ್ಕದವನಿಗೂ ಹೀಗೆಯೇ ಅನಿಸಿದೆ ಎಂಬುದು ಆ ಕ್ಷಣದಲ್ಲೇ ಗೊತ್ತಾಗಿಬಿಡುತ್ತದೆ.

ಎರಡು ವರ್ಷದ ನಂತರ, 1878ರಲ್ಲಿ, ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು ಲಾರ್ಡ್ ಲಿಟ್ಟನ್ ಇನ್ನೊಂದು ಕಾಯಿದೆ ತಂದರು. ‘ಅಮೃತ ಬಜಾರ್ ಪತ್ರಿಕೆ’ ರಾತ್ರೋರಾತ್ರಿ ಇಂಗ್ಲಿಷ್ ಪತ್ರಿಕೆಯಾಗಿ ತಪ್ಪಿಸಿಕೊಂಡಿತು. ಆ ಕಾಯಿದೆ 1882ರಲ್ಲೇ ರದ್ದಾಯಿತು. ನಾಟಕಕ್ಕೆ ಭಾಷೆ ಬದಲಿಸಿ ಪಾರಾಗುವ ದಾರಿಯಿರಲಿಲ್ಲ, ಅದರ ಕಾಯಿದೆಗೆ ಆಯುಷ್ಯವೂ ಗಟ್ಟಿಯಾಗಿತ್ತು. ಉಪೇಂದ್ರನಾಥ ದಾಸರು ಇಂಗ್ಲೆಂಡಿಗೆ ಹೊರಟುಹೋದರು. ಕಲ್ಕತ್ತೆಯ ರಂಗಭೂಮಿ ಪುರಾಣದ ಕಡೆಗೆ, ಭಕ್ತಿಯ ಕಡೆಗೆ ಹೊರಳಿತು. ಕಾಯಿದೆಯಲ್ಲೇ ಧಾರ್ಮಿಕ ಉತ್ಸವಗಳ ಜಾತ್ರಾ ಆಟಗಳಿಗೆ ವಿನಾಯಿತಿ ಇತ್ತು. ದೇವರ ಆಟದಿಂದ ಸರಕಾರಕ್ಕೇನು ಭಯ?

ಭಯವಿತ್ತು. ಅದನ್ನು ತೋರಿಸಿದವರು ಮರಾಠಿಯವರು. ಬೆಳಗಾವಿ, ಧಾರವಾಡ, ವಿಜಾಪುರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅವರ ನಾಟಕ ಮಂಡಳಿಗಳ ಗಾಳಿ ನಮ್ಮ ಕಡೆಗೂ ಬೀಸುತ್ತಿತ್ತು, ಅವರಿಗಿದ್ದ ಕಾನೂನೇ ನಮಗೂ ಇತ್ತು. ತಿಲಕರ ಸಹೋದ್ಯೋಗಿ ಖಾಡಿಲಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂತು. ವಿರಾಟಪರ್ವದ ಕಥೆ, ಎಲ್ಲರಿಗೂ ಬಾಯಿಪಾಠ. ಕರ್ಜನ್ ಸಾಹೇಬರ ಹೆಸರು ಎಲ್ಲಿಯೂ ಇಲ್ಲ. ಆದರೆ ಕೀಚಕನೆಂದರೆ ಕರ್ಜನ್, ದ್ರೌಪದಿಯೆಂದರೆ ಭಾರತ, ತಾಳು ತಾಳು ಎನ್ನುವ ಧರ್ಮರಾಯನೆಂದರೆ ಮಂದಗಾಮಿಗಳು, ಭೀಮನೆಂದರೆ ತೀವ್ರಗಾಮಿಗಳು ಎಂದು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಂಡನ್ನಿನ ಪತ್ರಕರ್ತ ವ್ಯಾಲೆಂಟೈನ್ ಚಿರೋಲ್ ತನ್ನ ಪುಸ್ತಕದಲ್ಲಿ ಈ ಸಾಮ್ಯವನ್ನೆಲ್ಲ ಬಿಡಿಸಿ ಬರೆದು ಗಾಬರಿಪಟ್ಟ. 1910ರಲ್ಲಿ ನಾಟಕ ನಿಷೇಧವಾಯಿತು. ಮಹಾಭಾರತಕ್ಕೂ ಅಪ್ಪಣೆ ಬೇಕಾದದ್ದು ಹೀಗೆ.

ಪರಕೀಯರು ಹೋದ ಮೇಲೆ ಏನಾಯಿತು? 1953ರಲ್ಲಿ ಲಖನೌದ ಇಪ್ಟಾ ತಂಡ ಪ್ರೇಮಚಂದರ ‘ಈದ್‌ಗಾಹ್’ ಕಥೆಯನ್ನು ಆಡಿತು. ಹಬ್ಬದ ದಿನ ಆಟಿಕೆ ಕೊಳ್ಳದೆ, ರೊಟ್ಟಿ ಸುಡುವಾಗ ಅಜ್ಜಿಯ ಕೈ ಸುಡುತ್ತದೆಂದು ಇಕ್ಕಳ ಕೊಂಡುತರುವ ಬಡ ಹುಡುಗನ ಕಥೆ. ಜಿಲ್ಲಾಧಿಕಾರಿಗಳು ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಂಡರು. ತಂಡ ಕೇಳಲಿಲ್ಲ, ಮೊಕದ್ದಮೆ ನಡೆಯಿತು. ಅಲಹಾಬಾದ್ ಹೈಕೋರ್ಟು 1956ರಲ್ಲಿ, ಹಳೆಯ ಕಾಯಿದೆ ನಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೀರ್ಪಿತ್ತಿತು. ಆದರೂ ರಾಜ್ಯಗಳಿಗೆ ಅದರ ಮೋಹ ಹೋಗಲಿಲ್ಲ. ಎಂ.ಆರ್. ರಾಧಾ ಅವರ ‘ರಾಮಾಯಣ’ದ ಗೇಲಿಯನ್ನು ತಡೆಯಲು ಮದ್ರಾಸು 1954ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತ್ತು. 1964ರಲ್ಲಿ ನಮ್ಮ ಮೈಸೂರು ರಾಜ್ಯವೂ ಒಂದನ್ನು ಮಾಡಿಕೊಂಡಿತು. ಮದ್ರಾಸಿನ ಕಾಯಿದೆಯ ಮುಖ್ಯ ಕಲಮುಗಳನ್ನು ಅಲ್ಲಿಯ ಹೈಕೋರ್ಟು ತಳ್ಳಿಹಾಕಿದ್ದು 2013ರಲ್ಲಿ. ಹಂದಿ-ಕುರಿಗಳ ಕಾಲದ ಮೂಲ ಕಾಯಿದೆಯನ್ನು ಸಂಸತ್ತು ಕಡತದಿಂದ ತೆಗೆದದ್ದು 2017ರ ಕೊನೆಗೆ, ನೂರ ನಲವತ್ತೊಂದು ವರ್ಷಗಳ ನಂತರ. ಆಗ ಅದನ್ನು ಗಮನಿಸಿದವರು ಕಡಿಮೆ.

ಮತ್ತೆ ನಮ್ಮೂರಿನ ‘ರಕ್ತರಾತ್ರಿ’ಗೆ ಬರುತ್ತೇನೆ. ಒಂದು ಬರಗಾಲದ ವರ್ಷ. ಶಕುನಿಯ ಪಾತ್ರ ಮಾಡಿದ್ದವನು ದಾಳ ಉರುಳಿಸುತ್ತ, ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸಿದ. ರೇಷನ್ ಜೋಳದಲ್ಲಿ ಹರಳು ಎಷ್ಟು, ಕಾಳು ಎಷ್ಟು ಎಂದು ದುರ್ಯೋಧನನನ್ನು ಕೇಳಿದ. ಬಯಲು ತುಂಬ ಕುಳಿತ ಮಂದಿ ಒಮ್ಮೆಲೇ ನಕ್ಕರು. ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ ಫೌಜದಾರರು ರಂಗದ ಕಡೆ ನೋಡಲಿಲ್ಲ. ಕುರ್ಚಿಯನ್ನು ಅರ್ಧ ತಿರುಗಿಸಿ ನಗುತ್ತಿದ್ದ ಜನರನ್ನು ನೋಡಿದರು. ಮರುವರ್ಷ ಅರ್ಜಿ ಒಯ್ದಾಗ ಪುಸ್ತಕದ ಎರಡು ಪ್ರತಿ ಬೇಕೆಂದರು. ಒಂದು ನಮಗೆ, ಒಂದು ಠಾಣೆಯಲ್ಲಿ ಇಟ್ಟುಕೊಳ್ಳುವುದಕ್ಕೆ.