ಯಂತ್ರದ ಕಥೆಯಲ್ಲಿ ಕೂಲಿಯವರು
(ಕಾರ್ಮಿಕರ ವಾಚನಾಲಯದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನ ಕಥೆಯ ಮೇಲೆ ಭಾಷಣವೆಂದು ಹಲಗೆಯಲ್ಲಿ ಬರೆದದ್ದನ್ನು ನೋಡಿ, ರಾತ್ರಿ ಪಾಳಿಗೆ ಹೋಗುವವನಿಗೆ ಚಂದ್ರಲೋಕದ ಗೊಡವೆ ಏಕೆಂದು ಕೆಲವರು ನಕ್ಕರಂತೆ. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ನಮ್ಮ ದೇಶದವರೇ ಇಂಗ್ಲಿಷಿನಲ್ಲಿ ಬರೆದ ಇಂಥ ಮೂರು ಪುಸ್ತಕಗಳನ್ನು ನಿಘಂಟು ಹಿಡಿದು ಓದಿದ ಮೇಲೆ ಎಣಿಕೆ ಬದಲಾಯಿತು. ಅವುಗಳಲ್ಲಿ ಚಂದ್ರಲೋಕವಿಲ್ಲ. ಕೂಲಿಯಿದೆ, ಕೆಲಸ ಕಳೆದುಕೊಂಡವನ ಮನೆಯಿದೆ.

ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’ ನಾಟಕಕ್ಕೆ 1997ರಲ್ಲಿ ಗ್ರೀಸಿನ ಒನಾಸಿಸ್ ಬಹುಮಾನ ಬಂತು. ಹಾರ್ವೆಸ್ಟ್ ಎಂದರೆ ಸುಗ್ಗಿ. ಯಾರ ಸುಗ್ಗಿ? ಮುಂಬಯಿಯ ಇಕ್ಕಟ್ಟಾದ ಮನೆ. ಓಂ ಎಂಬ ಗುಮಾಸ್ತ ಕೆಲಸ ಕಳೆದುಕೊಂಡಿದ್ದಾನೆ. ಕಂಪನಿಯೊಂದಕ್ಕೆ ತನ್ನ ಮೈಯನ್ನೇ ಬರೆದುಕೊಡುತ್ತಾನೆ. ಪರದೇಶದ ಶ್ರೀಮಂತರಿಗೆ ಬೇಕಾದಾಗ ಇವನ ಅಂಗಾಂಗ ಕೊಡಬೇಕು. ಬದಲಿಗೆ ಮನೆಗೆ ಊಟ, ಪಾಯಿಖಾನೆ, ಟೆಲಿವಿಷನ್. ಸೂರಿನಿಂದ ತೂಗುವ ಯಂತ್ರದಲ್ಲಿ ಒಬ್ಬ ಬಿಳಿಯ ಹೆಂಗಸಿನ ಮುಖ ಮೂಡಿ, ಶುಚಿಯಾಗಿರಿ, ನಗುತ್ತಿರಿ ಎಂದು ಬುದ್ಧಿ ಹೇಳುತ್ತದೆ. ಕುರಿಯನ್ನು ಕೊಬ್ಬಿಸುವವನ ಅಕ್ಕರೆ! ಆ ಮುಖವೂ ಬರೀ ಬೊಂಬೆ, ಅದರ ಹಿಂದೆ ಇದ್ದವನು ಒಬ್ಬ ಮುದುಕ. ಕಂಪನಿಯ ಕಾವಲಿನವರು ತಪ್ಪಿ ಓಂನ ತಮ್ಮನನ್ನು ಎತ್ತಿಕೊಂಡು ಹೋಗುತ್ತಾರೆ. ಓಂನ ಹೆಂಡತಿ ಜಯಾಳ ಬಸಿರನ್ನೂ ಆ ಮುದುಕ ಕೇಳುತ್ತಾನೆ. ಅವಳು ಬಾಗಿಲು ಹಾಕಿಕೊಂಡು, ಬೇಕಾದರೆ ಯಂತ್ರದ ಮರೆ ಬಿಟ್ಟು ನೀನೇ ಬಾ, ಇಲ್ಲವಾದರೆ ನಾನು ಸಾಯುತ್ತೇನೆ ಎಂದು ಹಠ ಹಿಡಿಯುತ್ತಾಳೆ.

ಅಂಗಾಂಗ ಮಾರಾಟ ಅಪರಾಧವೆಂದು ನಮ್ಮ ದೇಶದಲ್ಲಿ ಕಾನೂನಾದದ್ದು 1994ರಲ್ಲಿ. ಇಲ್ಲದ ರೋಗಕ್ಕೆ ಯಾರಾದರೂ ಮದ್ದು ಅರೆಯುತ್ತಾರೆಯೇ? ಲೇಖಕಿ ಊಹಿಸಿದ್ದು ಯಂತ್ರವನ್ನು. ವ್ಯಾಪಾರ ಮೊದಲೇ ಇತ್ತು. ನಮಗೆ ಒಂದು ತಕರಾರಿದೆ. ಜಯಾ ಒಂಟಿಯಾಗಿ ಹೋರಾಡುತ್ತಾಳೆ. ಅಕ್ಕಪಕ್ಕದ ಕೋಣೆಗಳವರೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿದ್ದರು?

ಎರಡನೆಯದು ಬೆಂಗಳೂರಿನದು. ಲಾವಣ್ಯ ಲಕ್ಷ್ಮಿನಾರಾಯಣ್ ಅವರ ಈ ಪುಸ್ತಕ 2020ರಲ್ಲಿ ‘ಅನಲಾಗ್/ವರ್ಚುವಲ್’ ಎಂದು ಬಂತು, 2023ರಲ್ಲಿ ‘ದಿ ಟೆನ್ ಪರ್ಸೆಂಟ್ ಥೀಫ್’ ಎಂದಾಯಿತು. ಮುಂದಿನ ಕಾಲದ ಬೆಂಗಳೂರಿಗೆ ಏಪೆಕ್ಸ್ ಸಿಟಿ ಎಂದು ಹೆಸರು. ಆಳುವುದು ಸರ್ಕಾರವಲ್ಲ, ಬೆಲ್ ಎಂಬ ಕಂಪನಿ. ಜನರನ್ನು ದುಡಿಮೆಯ ಅಂಕದ ಮೇಲೆ ಅಳೆಯುತ್ತಾರೆ: ನೂರರಲ್ಲಿ ಇಪ್ಪತ್ತು ಮಂದಿ ಮೇಲೆ, ಎಪ್ಪತ್ತು ನಡುವೆ, ಹತ್ತು ಕೆಳಗೆ. ಕೆಳಗಿನ ಹತ್ತು ವಿದ್ಯುತ್ ಬೇಲಿಯ ಆಚೆಗೆ.

ಈ ಲೆಕ್ಕ ಕಥೆಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ 1980ರ ದಶಕದಲ್ಲಿ ಜಾಕ್ ವೆಲ್ಚ್ ಎಂಬ ಮುಖ್ಯಸ್ಥ ಇದೇ ಇಪ್ಪತ್ತು, ಎಪ್ಪತ್ತು, ಹತ್ತರ ಪದ್ಧತಿ ತಂದ. ಕೊನೆಯ ಹತ್ತಕ್ಕೆ ಮನೆ ದಾರಿ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನೂರು ಮಂದಿ ಎರಡರಷ್ಟು ನೂಲು ತೆಗೆದರೂ ಕೊನೆಯ ಹತ್ತು ಮಂದಿ ಇದ್ದೇ ಇರುತ್ತಾರೆ. ಅವರನ್ನು ತೆಗೆದು ಹಾಕಿದರೆ ಮುಂದಿನ ವರ್ಷ ಇನ್ನೊಂದಿಷ್ಟು ಜನ ಆ ಜಾಗಕ್ಕೆ ಇಳಿಯುತ್ತಾರೆ. ಪಕ್ಕದ ಮಗ್ಗದವನು ಆಗ ಜೊತೆಗಾರನಾಗಿ ಉಳಿಯುವನೇ? ಆ ಊರಿನಲ್ಲಿ ಒಬ್ಬಳು ಕಳ್ಳಿ ಬೇಲಿ ದಾಟಿ ಹೋಗಿ ಕದ್ದು ತರುವುದು ಚಿನ್ನವನ್ನಲ್ಲ, ಒಂದು ಜಕರಂದಾ ಮರದ ಬೀಜವನ್ನು. ಓದುವಾಗ ನಮಗೆ ಬಹಳ ಹಿಡಿಸಿದ್ದು ಅದೇ.

ಅಮಿತಾವ್ ಘೋಷರ ‘ದಿ ಕಲ್ಕತ್ತಾ ಕ್ರೋಮೋಸೋಮ್’ ಕಾದಂಬರಿಗೆ 1997ರಲ್ಲಿ ಇಂಗ್ಲೆಂಡಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಸಿಕ್ಕಿತು. ಕಥೆ ಬಹಳ ಸುತ್ತುಬಳಸು. ಮಲೇರಿಯಾದ ಗುಟ್ಟು ಕಂಡು ರೊನಾಲ್ಡ್ ರಾಸ್ ನೊಬೆಲ್ ಪಡೆದನಲ್ಲ, ಅವನನ್ನು ಕಾಣದಂತೆ ನಡೆಸಿದವಳು ಪ್ರಯೋಗಾಲಯದ ಕಸಗುಡಿಸುವ ಮಂಗಳಾ ಎಂದು ಘೋಷರ ಕಲ್ಪನೆ. ನಿಜ ಚರಿತ್ರೆಯಲ್ಲಿ, 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ ರಾಸನ ಸೊಳ್ಳೆಗಳಿಗೆ ಮೈಯೊಡ್ಡಿದ. ಕಚ್ಚಿದ ಸೊಳ್ಳೆಗೆ ಒಂದಾಣೆ ಕೂಲಿ.

ಇವೆಲ್ಲ ಇಂಗ್ಲಿಷಿನಲ್ಲಿವೆ. ಓಂನ ಕಥೆಯನ್ನು ಓಂನಂಥವನು ಓದಲಾರ. ಬೇಲಿಯ ಒಳಗಿನವರಿಗೆ ಅದು ಸಂಜೆಯ ಓದು. ಅದಕ್ಕಾಗಿ ಬರುವ ಶನಿವಾರ ‘ಹಾರ್ವೆಸ್ಟ್’ ಕಥೆಯನ್ನು ಇಲ್ಲಿಯೇ ಕನ್ನಡದಲ್ಲಿ ವಿವರವಾಗಿ ಹೇಳಬೇಕೆಂದಿದ್ದೇವೆ. ಜಯಾಳ ಭಾಗವನ್ನು ಹೇಳಲು ಒಬ್ಬ ಹೆಂಗಸು ಬೇಕು. ನೂಲಿನ ವಿಭಾಗದಿಂದ ಯಾರಾದರೂ ಹೆಸರು ಕೊಡಿ.